ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್

ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ (ಜನವರಿ 30, 1882 – ಏಪ್ರಿಲ್ 12, 1945) ಅಮೆರಿಕ ಸಂಯುಕ್ತ ಸಂಸ್ಥಾನದ 32ನೆಯ ಅಧ್ಯಕ್ಷರು. 1933ರ ಮಾರ್ಚ್‌ನಿಂದ ತಮ್ಮ ಮರಣದವರೆಗೆ ಹನ್ನೆರಡು ವರ್ಷಗಳಿಗೂ ಮಿಕ್ಕಿ ಅವರು ಈ ಹುದ್ದೆಯಲ್ಲಿದ್ದರು. ನಾಲ್ಕು ಬಾರಿ ಅಧ್ಯಕ್ಷರಾಗಿ ಚುನಾಯಿತರಾದವರು ಅಮೆರಿಕದ ಇತಿಹಾಸದಲ್ಲಿ ಅವರೊಬ್ಬರೇ. 1930ರ ದಶಕದ ಮಹಾ ಆರ್ಥಿಕ ಕುಸಿತವನ್ನು ಎದುರಿಸಲು ಅವರು ರೂಪಿಸಿದ ‘ನ್ಯೂ ಡೀಲ್’ ಕಾರ್ಯಕ್ರಮಗಳಿಗಾಗಿಯೂ ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ನೀಡಿದ ನಾಯಕತ್ವಕ್ಕಾಗಿಯೂ ಅವರು ಪ್ರಸಿದ್ಧರು. ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ ಅವರು ಬ್ರಿಟನ್ನಿಗೆ ಒದಗಿಸಿದ ಯುದ್ಧನೌಕೆಗಳು ಹಾಗೂ ಶಸ್ತ್ರಾಸ್ತ್ರಗಳು ಒಂದು ದೊಡ್ಡ ಸಾಂವಿಧಾನಿಕ ಚರ್ಚೆಗೆ ಕಾರಣವಾದವು. ಮಿತ್ರದೇಶಕ್ಕೆ ಸೈನಿಕ ನೆರವು ನೀಡುವ ಹೊಣೆ ಅಧ್ಯಕ್ಷರದೋ, ಜನಪ್ರತಿನಿಧಿಗಳ ಸಭೆಯದೋ ಎಂಬ ಆ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ಜನನ ಮತ್ತು ಶಿಕ್ಷಣ

ರೂಸ್‌ವೆಲ್ಟ್ ಅವರು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಶ್ರೀಮಂತ ಭೂಮಾಲೀಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜೇಮ್ಸ್ ರೂಸ್‌ವೆಲ್ಟ್, ತಾಯಿ ಸಾರಾ ಡೆಲಾನೊ. ಬಾಲ್ಯದ ಪಾಠಗಳನ್ನು ಮನೆಯಲ್ಲಿಯೇ ಕಲಿತು, ನಂತರ ಗ್ರಾಟನ್ ಶಾಲೆಯಲ್ಲಿಯೂ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಗಳ ದಿನಪತ್ರಿಕೆಯ ಸಂಪಾದಕರಾಗಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಅಭ್ಯಾಸ ಮಾಡಿ, ಪದವಿ ಪೂರೈಸುವ ಮೊದಲೇ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು.

1905ರ ಮಾರ್ಚ್ 17ರಂದು ದೂರದ ಸಂಬಂಧಿ ಎಲೀನರ್ ರೂಸ್‌ವೆಲ್ಟ್ ಅವರನ್ನು ವಿವಾಹವಾದರು. ಎಲೀನರ್ ಅವರು ಆಗ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಅವರ ತಮ್ಮನ ಮಗಳು. ದಂಪತಿಗಳಿಗೆ ಆರು ಮಕ್ಕಳು ಜನಿಸಿದರು. ಅವರಲ್ಲಿ ಒಂದು ಶೈಶವದಲ್ಲಿಯೇ ತೀರಿಕೊಂಡಿತು. ಮುಂದೆ ಎಲೀನರ್ ಅವರು ಮಾನವ ಹಕ್ಕುಗಳ ಪ್ರತಿಪಾದಕರಾಗಿ ಸ್ವತಂತ್ರ ಕೀರ್ತಿಯನ್ನು ಪಡೆದರು.

ರಾಜಕೀಯ ಪ್ರವೇಶ

1910ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೆ ಆಯ್ಕೆಯಾದರು. 1913ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅವರು ರೂಸ್‌ವೆಲ್ಟರನ್ನು ನೌಕಾಖಾತೆಯ ಸಹಾಯಕ ಕಾರ್ಯದರ್ಶಿಯಾಗಿ ನೇಮಿಸಿದರು. ಏಳು ವರ್ಷಗಳ ಆ ಸೇವಾವಧಿ ಮೊದಲ ಮಹಾಯುದ್ಧವನ್ನೂ ಒಳಗೊಂಡಿತ್ತು. ಹಡಗುಗಳ ನಿರ್ಮಾಣ, ಖರೀದಿ, ನೌಕಾನೆಲೆಗಳ ಮಹತ್ವ ಇವೆಲ್ಲವನ್ನೂ ಅವರು ಅರಿತದ್ದು ಇಲ್ಲಿಯೇ.

1920ರಲ್ಲಿ ಅವರು ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ, ರಾಷ್ಟ್ರಸಂಘಕ್ಕೆ ಅಮೆರಿಕ ಸೇರಬೇಕೆಂದು ದೇಶದಾದ್ಯಂತ ಪ್ರಚಾರ ಮಾಡಿದರು. ವಿಲ್ಸನ್ ಅವರು ಸಹಿಮಾಡಿ ತಂದಿದ್ದ ವರ್ಸೈಲ್ಸ್ ಒಪ್ಪಂದವನ್ನು ಸೆನೆಟ್ ಅದಾಗಲೇ ತಿರಸ್ಕರಿಸಿತ್ತು. ಚುನಾವಣೆಯಲ್ಲಿಯೂ ಅವರ ಪಕ್ಷ ಸೋತಿತು. ಅಧ್ಯಕ್ಷರು ಎಷ್ಟೇ ಪ್ರಬಲರಾಗಿದ್ದರೂ ಜನಾಭಿಪ್ರಾಯವನ್ನೂ ಸೆನೆಟ್ಟನ್ನೂ ಜೊತೆಗೆ ಕರೆದೊಯ್ಯದೆ ವಿದೇಶನೀತಿಯನ್ನು ನಡೆಸಲಾಗದು ಎಂಬುದಕ್ಕೆ ವಿಲ್ಸನ್ ಅವರ ಈ ಸೋಲು ದೊಡ್ಡ ನಿದರ್ಶನವಾಗಿ ಉಳಿಯಿತು.

ಅನಾರೋಗ್ಯ ಮತ್ತು ಮರುಪ್ರವೇಶ

1921ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಬೇಸಿಗೆಯ ವಿಶ್ರಾಂತಿಯಲ್ಲಿದ್ದಾಗ ಅವರಿಗೆ ತೀವ್ರ ಕಾಯಿಲೆ ತಗುಲಿತು. ವೈದ್ಯರು ಅದನ್ನು ಪೋಲಿಯೊ ಎಂದು ಗುರುತಿಸಿದರು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಎರಡೂ ಕಾಲುಗಳು ಸ್ವಾಧೀನ ತಪ್ಪಿದವು. ಲೋಹದ ಪಟ್ಟಿಗಳನ್ನು ಕಟ್ಟಿಕೊಂಡು, ಇತರರ ತೋಳಿನ ಆಸರೆಯಲ್ಲಿ ನಿಲ್ಲುವುದನ್ನು ಅವರು ಪ್ರಯಾಸದಿಂದ ರೂಢಿಸಿಕೊಂಡರು. ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಪೋಲಿಯೊ ಪೀಡಿತರಿಗಾಗಿ ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿದರು.

1928ರಲ್ಲಿ ನ್ಯೂಯಾರ್ಕ್‌ನ ರಾಜ್ಯಪಾಲರಾಗಿ ಚುನಾಯಿತರಾಗಿ, 1930ರಲ್ಲಿ ಪುನರಾಯ್ಕೆಯಾದರು. 1932ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ಅವರನ್ನು ಭಾರೀ ಅಂತರದಿಂದ ಸೋಲಿಸಿದರು.

ನ್ಯೂ ಡೀಲ್

1933ರ ಮಾರ್ಚ್ 4ರಂದು ಅವರು ಅಧಿಕಾರ ಸ್ವೀಕರಿಸಿದಾಗ ದೇಶದ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಮುಚ್ಚುತ್ತಿದ್ದವು. ಬ್ಯಾಂಕುಗಳಿಗೆ ತಾತ್ಕಾಲಿಕ ರಜೆ ಘೋಷಿಸಿ, ಸುಸ್ಥಿತಿಯಲ್ಲಿದ್ದವುಗಳನ್ನು ಮಾತ್ರ ಮತ್ತೆ ತೆರೆಯಲು ಅನುಮತಿ ನೀಡಿದರು. ನಿರುದ್ಯೋಗಿ ಯುವಕರಿಗೆ ಅರಣ್ಯೀಕರಣದ ಕೆಲಸ, ಟೆನೆಸ್ಸಿ ಕಣಿವೆಯ ಅಣೆಕಟ್ಟುಗಳು, 1935ರ ಸಾಮಾಜಿಕ ಭದ್ರತಾ ಕಾಯಿದೆ, ಕಾರ್ಮಿಕರ ಸಂಘಟನಾ ಹಕ್ಕನ್ನು ಮಾನ್ಯಮಾಡಿದ ವ್ಯಾಗ್ನರ್ ಕಾಯಿದೆ ಇವು ಅವರ ಮೊದಲ ಅವಧಿಯ ಮುಖ್ಯ ಸಾಧನೆಗಳು. ರೇಡಿಯೊ ಮೂಲಕ ಜನರೊಡನೆ ನೇರವಾಗಿ ಮಾತನಾಡುವ ಪದ್ಧತಿಯನ್ನು ಅವರು ಪರಿಣಾಮಕಾರಿಯಾಗಿ ಬಳಸಿಕೊಂಡರು.

1936ರಲ್ಲಿ ಆಗಿದ್ದ 48 ರಾಜ್ಯಗಳ ಪೈಕಿ 46ರಲ್ಲಿ ಅವರಿಗೆ ಗೆಲುವು ದೊರೆಯಿತು. ಮರುವರ್ಷ, ತಮ್ಮ ಕಾಯಿದೆಗಳನ್ನು ರದ್ದುಪಡಿಸುತ್ತಿದ್ದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಸಂಖ್ಯೆಯನ್ನು ಹೆಚ್ಚಿಸುವ ಮಸೂದೆಯನ್ನು ಮುಂದಿಟ್ಟು ಸ್ವಪಕ್ಷೀಯರಿಂದಲೇ ಸೋಲುಂಡರು. ಅಧ್ಯಕ್ಷರು ಅಧಿಕಾರವನ್ನು ತಮ್ಮ ಕೈಯಲ್ಲಿ ಕೇಂದ್ರೀಕರಿಸುತ್ತಿದ್ದಾರೆಂಬ ಶಂಕೆ ಅಲ್ಲಿಂದ ಬಲವಾಯಿತು. ಮುಂದೆ ಬ್ರಿಟನ್ನಿಗೆ ನೆರವು ನೀಡುವ ಪ್ರಶ್ನೆ ಬಂದಾಗ ವಿರೋಧಿಗಳ ವಾದಕ್ಕೆ ಈ ಶಂಕೆ ಹಿನ್ನೆಲೆಯಾಗಿತ್ತು.

ಸೈನಿಕ ನೆರವು ಮತ್ತು ಸಂವಿಧಾನ

ಅಮೆರಿಕದ ಸಂವಿಧಾನವು ಯುದ್ಧ ಹಾಗೂ ವಿದೇಶ ವ್ಯವಹಾರಗಳ ಅಧಿಕಾರವನ್ನು ಇಬ್ಭಾಗ ಮಾಡಿದೆ. ಯುದ್ಧ ಘೋಷಿಸುವುದು, ಸೈನ್ಯವನ್ನು ಕಟ್ಟುವುದು, ಬೊಕ್ಕಸದಿಂದ ಹಣ ಮಂಜೂರು ಮಾಡುವುದು, ರಾಷ್ಟ್ರದ ಆಸ್ತಿಯ ವಿಲೇವಾರಿಗೆ ನಿಯಮ ರೂಪಿಸುವುದು ಇವು ಕಾಂಗ್ರೆಸ್ ಎಂದು ಕರೆಯಲಾಗುವ ಅಲ್ಲಿನ ಸಂಸತ್ತಿನ ಅಧಿಕಾರಗಳು. ಸೇನೆಗಳ ಮಹಾದಂಡನಾಯಕತ್ವ ಹಾಗೂ ವಿದೇಶಗಳೊಡನೆ ವ್ಯವಹಾರ ಅಧ್ಯಕ್ಷರಿಗೆ ಸೇರಿವೆ. ಅಧ್ಯಕ್ಷರು ಮಾಡಿಕೊಂಡ ಒಪ್ಪಂದವು ಊರ್ಜಿತವಾಗಲು ಹಾಜರಿರುವ ಸೆನೆಟರುಗಳಲ್ಲಿ ಮೂರನೆಯ ಎರಡು ಪಾಲು ಸಮ್ಮತಿ ಬೇಕು. ಸೈನಿಕ ನೆರವು ಈ ಎರಡೂ ವಲಯಗಳಿಗೆ ಸೇರುತ್ತದೆ. ಅದು ರಾಷ್ಟ್ರದ ಆಸ್ತಿಯೂ ಹೌದು, ವಿದೇಶ ವ್ಯವಹಾರವೂ ಹೌದು. ಯುದ್ಧಕ್ಕೆ ಕರೆದೊಯ್ಯುವ ದಾರಿಯೂ ಆಗಬಹುದು.

1934ರಲ್ಲಿ ಬೊಲಿವಿಯಾ ಮತ್ತು ಪರಾಗ್ವೆಗಳ ನಡುವೆ ಚಾಕೊ ಯುದ್ಧ ನಡೆಯುತ್ತಿದ್ದಾಗ, ಆ ದೇಶಗಳಿಗೆ ಶಸ್ತ್ರ ಮಾರಾಟವನ್ನು ನಿಷೇಧಿಸುವ ಅಧಿಕಾರವನ್ನು ಕಾಂಗ್ರೆಸ್ ಅಧ್ಯಕ್ಷರಿಗೆ ನೀಡಿತು. ಇದನ್ನು ಕರ್ಟಿಸ್-ರೈಟ್ ಎಂಬ ಕಂಪನಿ ಪ್ರಶ್ನಿಸಿತು. 1936ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅಧ್ಯಕ್ಷರ ಪರವಾಗಿ ತೀರ್ಪು ನೀಡಿ, ವಿದೇಶ ವ್ಯವಹಾರಗಳಲ್ಲಿ ಅಧ್ಯಕ್ಷರಿಗೆ ವಿಶಾಲ ಅಧಿಕಾರವಿದೆ ಎಂದು ಹೇಳಿತು. ಆ ಪ್ರಕರಣದಲ್ಲಿ ಅಧ್ಯಕ್ಷರು ನಡೆದುಕೊಂಡದ್ದು ಕಾಂಗ್ರೆಸ್ಸಿನ ನಿರ್ಣಯದ ಆಧಾರದ ಮೇಲೆಯೇ ಎಂಬುದು ಗಮನಾರ್ಹ. ನಂತರದ ಅಧ್ಯಕ್ಷರುಗಳ ಪರವಾಗಿ ವಾದಿಸಿದ ವಕೀಲರು ತೀರ್ಪಿನ ಮೊದಲ ಭಾಗವನ್ನು ಹೆಚ್ಚಾಗಿ ಎತ್ತಿಹಿಡಿದರು. ವಿರೋಧಿಗಳು ಎರಡನೆಯದನ್ನು ನೆನಪಿಸಿದರು.

ತಾಟಸ್ಥ್ಯ ಕಾಯಿದೆಗಳ ಕಾಲ

ಮೊದಲ ಮಹಾಯುದ್ಧದಲ್ಲಿ ಕೊಟ್ಟ ಸಾಲಗಳು ವಸೂಲಾಗದಿದ್ದುದು ಮತ್ತು ಶಸ್ತ್ರ ತಯಾರಕರ ಲಾಭದ ಬಗ್ಗೆ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ನಡೆಸಿದ ವಿಚಾರಣೆ ಅಮೆರಿಕನ್ನರಲ್ಲಿ ಯುದ್ಧದ ಬಗ್ಗೆ ಜಿಗುಪ್ಸೆ ಹುಟ್ಟಿಸಿದ್ದವು. 1934ರ ಜಾನ್ಸನ್ ಕಾಯಿದೆ ಸಾಲ ಬಾಕಿ ಉಳಿಸಿಕೊಂಡ ಸರ್ಕಾರಗಳಿಗೆ ಹೊಸ ಸಾಲವನ್ನು ನಿಷೇಧಿಸಿತು. 1935, 1936 ಮತ್ತು 1937ರ ತಾಟಸ್ಥ್ಯ ಕಾಯಿದೆಗಳು ಯುದ್ಧನಿರತ ದೇಶಗಳಿಗೆ ಶಸ್ತ್ರ ಮಾರಾಟವನ್ನು ನಿರ್ಬಂಧಿಸಿದವು. ಆಕ್ರಮಣಕಾರ ಯಾರು, ಆಕ್ರಮಣಕ್ಕೆ ಗುರಿಯಾದವರು ಯಾರು ಎಂಬ ಭೇದವನ್ನು ಅವು ಮಾಡಲಿಲ್ಲ.

ರೂಸ್‌ವೆಲ್ಟ್ ಅವರಿಗೆ ಈ ಕಾಯಿದೆಗಳು ಮೆಚ್ಚುಗೆಯಾಗದಿದ್ದರೂ ಸಹಿ ಹಾಕಿದರು. 1937ರಲ್ಲಿ ಜಪಾನ್ ಚೀನಾದ ಮೇಲೆ ದಾಳಿಯಿಟ್ಟಾಗ, ಯುದ್ಧವನ್ನು ಅಧಿಕೃತವಾಗಿ ಘೋಷಿಸಿಲ್ಲವೆಂಬ ಕಾರಣ ನೀಡಿ ಅವರು ಕಾಯಿದೆಯನ್ನು ಜಾರಿಗೊಳಿಸಲಿಲ್ಲ. ಇದರಿಂದ ಚೀನಾಕ್ಕೆ ಶಸ್ತ್ರ ಖರೀದಿಯ ಅವಕಾಶ ಉಳಿಯಿತು. 1939ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿ ಹೊಸ ಬಾಂಬರ್ ವಿಮಾನವೊಂದು ಪರೀಕ್ಷಾರ್ಥ ಹಾರಾಟದಲ್ಲಿ ಅಪಘಾತಕ್ಕೀಡಾದಾಗ, ಅದರಲ್ಲಿ ಫ್ರಾನ್ಸ್‌ನ ಅಧಿಕಾರಿಯೊಬ್ಬರು ಇದ್ದುದು ಬೆಳಕಿಗೆ ಬಂತು. ಫ್ರಾನ್ಸ್ ಅಮೆರಿಕದ ವಿಮಾನಗಳನ್ನು ಕೊಳ್ಳಲು ಸರ್ಕಾರ ಸದ್ದಿಲ್ಲದೆ ನೆರವಾಗುತ್ತಿದ್ದ ವಿಷಯ ಹೀಗೆ ಬಯಲಾಯಿತು. ಸೆನೆಟರುಗಳು ಕೆರಳಿದರು.

1939ರ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಾಳಿ ಮಾಡಿತು. ರೂಸ್‌ವೆಲ್ಟ್ ಅವರು ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆದು ಕಾಯಿದೆಯ ತಿದ್ದುಪಡಿಯನ್ನು ಕೋರಿದರು. ನವೆಂಬರ್ 4ರಂದು ಜಾರಿಗೆ ಬಂದ ಹೊಸ ಕಾಯಿದೆಯಂತೆ ಯುದ್ಧನಿರತ ದೇಶಗಳು ನಗದು ಹಣ ತೆತ್ತು, ತಮ್ಮದೇ ಹಡಗುಗಳಲ್ಲಿ ಶಸ್ತ್ರಗಳನ್ನು ಸಾಗಿಸಬಹುದಾಗಿತ್ತು. ಸಮುದ್ರದ ಮೇಲೆ ಹಿಡಿತವಿದ್ದ ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಇದು ಅನುಕೂಲವಾಯಿತು.

ಐವತ್ತು ಡೆಸ್ಟ್ರಾಯರುಗಳು

1940ರ ಮೇ ತಿಂಗಳಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ನಿನ ಪ್ರಧಾನಿಯಾದರು. ಕೆಲವೇ ದಿನಗಳಲ್ಲಿ ಅವರು ನಲವತ್ತು–ಐವತ್ತು ಹಳೆಯ ಡೆಸ್ಟ್ರಾಯರ್ ಯುದ್ಧನೌಕೆಗಳನ್ನು ಎರವಲು ನೀಡುವಂತೆ ರೂಸ್‌ವೆಲ್ಟ್ ಅವರನ್ನು ಕೋರಿದರು. ಜೂನ್‌ನಲ್ಲಿ ಫ್ರಾನ್ಸ್ ಶರಣಾಯಿತು. ಜರ್ಮನಿಯ ಜಲಾಂತರ್ಗಾಮಿಗಳಿಂದ ತನ್ನ ಸರಕು ಹಡಗುಗಳನ್ನು ರಕ್ಷಿಸಿಕೊಳ್ಳಲು ಬ್ರಿಟನ್ನಿನ ಬಳಿ ಸಾಕಷ್ಟು ಬೆಂಗಾವಲು ನೌಕೆಗಳಿರಲಿಲ್ಲ.

ಕಾನೂನು ಅಡ್ಡಿಯಾಗಿತ್ತು. ಅದೇ ಜೂನ್‌ನಲ್ಲಿ ಬ್ರಿಟನ್ನಿಗೆ ಟಾರ್ಪೆಡೊ ದೋಣಿಗಳನ್ನು ವರ್ಗಾಯಿಸುವ ಪ್ರಯತ್ನವನ್ನು, 1917ರ ಕಾಯಿದೆಯೊಂದಕ್ಕೆ ವಿರುದ್ಧವೆಂದು ಅಟಾರ್ನಿ ಜನರಲ್ ರಾಬರ್ಟ್ ಜಾಕ್ಸನ್ ತಡೆದಿದ್ದರು. ಸೆನೆಟರ್ ಡೇವಿಡ್ ವಾಲ್ಷ್ ಅವರ ಒತ್ತಾಯದಿಂದ, ದೇಶದ ರಕ್ಷಣೆಗೆ ಅನಗತ್ಯವೆಂದು ಸೇನೆಯ ಅಥವಾ ನೌಕಾಪಡೆಯ ಮುಖ್ಯಸ್ಥರು ಪ್ರಮಾಣೀಕರಿಸದ ಹೊರತು ಯಾವ ಯುದ್ಧಸಾಮಗ್ರಿಯನ್ನೂ ಪರದೇಶಕ್ಕೆ ಕೊಡಕೂಡದೆಂದು ಕಾಂಗ್ರೆಸ್ ವಿಧಿಸಿತು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಹೆರಾಲ್ಡ್ ಸ್ಟಾರ್ಕ್ ಅವರು ಆ ಹಳೆಯ ನೌಕೆಗಳು ಉಪಯುಕ್ತವೆಂದು ಹಿಂದೆಯೇ ಕಾಂಗ್ರೆಸ್ಸಿನ ಮುಂದೆ ಹೇಳಿದ್ದರು. ಈಗ ಅವು ಅನಗತ್ಯವೆಂದು ಬರೆದುಕೊಡುವುದು ಅವರಿಗೆ ಕಷ್ಟವಾಗಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ವಿನಿಮಯ. ಬ್ರಿಟನ್ ತನ್ನ ಪಶ್ಚಿಮಾರ್ಧ ಗೋಳದ ಪ್ರದೇಶಗಳಲ್ಲಿ ನೌಕಾ ಹಾಗೂ ವಾಯುನೆಲೆಗಳಿಗೆ 99 ವರ್ಷಗಳ ಗುತ್ತಿಗೆ ಕೊಡುವುದು, ಅಮೆರಿಕ ಐವತ್ತು ಡೆಸ್ಟ್ರಾಯರುಗಳನ್ನು ಕೊಡುವುದು ಎಂದಾಯಿತು. ನ್ಯೂಫೌಂಡ್‌ಲ್ಯಾಂಡ್, ಬರ್ಮುಡಾ, ಬಹಾಮಾಸ್, ಜಮೈಕಾ, ಸೇಂಟ್ ಲೂಸಿಯಾ, ಟ್ರಿನಿಡಾಡ್, ಆಂಟಿಗುವಾ, ಬ್ರಿಟಿಷ್ ಗಯಾನಾ ಇವು ಆ ಪ್ರದೇಶಗಳು. ಮೊದಲಿನ ಎರಡನ್ನು ಉಡುಗೊರೆಯೆಂದೂ ಉಳಿದವನ್ನು ನೌಕೆಗಳಿಗೆ ಪ್ರತಿಫಲವೆಂದೂ ಹೆಸರಿಸಲಾಯಿತು. ನೆಲೆಗಳು ದೊರೆತರೆ ದೇಶದ ರಕ್ಷಣೆ ಒಟ್ಟಾರೆಯಾಗಿ ಬಲಗೊಳ್ಳುತ್ತದೆ ಎಂಬ ಆಧಾರದ ಮೇಲೆ ಸ್ಟಾರ್ಕ್ ಪ್ರಮಾಣಪತ್ರ ನೀಡಿದರು. ಇದು ಸೆನೆಟ್ಟಿನ ಸಮ್ಮತಿ ಬೇಡದ ಕಾರ್ಯಾಂಗ ಒಪ್ಪಂದವೆಂದು ಜಾಕ್ಸನ್ ಆಗಸ್ಟ್ 27ರಂದು ಕಾನೂನು ಅಭಿಪ್ರಾಯ ಕೊಟ್ಟರು. ಸೆಪ್ಟೆಂಬರ್ 2ರಂದು ಒಪ್ಪಂದವಾಯಿತು. ಮರುದಿನ ರೂಸ್‌ವೆಲ್ಟ್ ಅವರು ಅದನ್ನು ಕಾಂಗ್ರೆಸ್ಸಿಗೆ ತಿಳಿಸಿದರು; ಒಪ್ಪಿಗೆಯನ್ನು ಕೇಳಲಿಲ್ಲ.

ನೆರವನ್ನು ವಿರೋಧಿಸಿದವರು ಮಾತ್ರವಲ್ಲದೆ, ನೆರವನ್ನು ಬಯಸಿದ ಕೆಲವರೂ ಈ ವಿಧಾನವನ್ನು ಟೀಕಿಸಿದರು. ಚುನಾವಣೆಯಲ್ಲಿ ರೂಸ್‌ವೆಲ್ಟ್ ಅವರ ಎದುರಾಳಿಯಾಗಿದ್ದ ವೆಂಡೆಲ್ ವಿಲ್ಕಿ ಅವರಿಗೆ ನೌಕೆಗಳನ್ನು ಕೊಟ್ಟಿದ್ದರ ಬಗ್ಗೆ ಆಕ್ಷೇಪವಿರಲಿಲ್ಲ. ಜನಪ್ರತಿನಿಧಿಗಳನ್ನು ಬದಿಗಿಟ್ಟದ್ದು ನಿರಂಕುಶ ಕ್ರಮವೆಂದು ಅವರು ಖಂಡಿಸಿದರು. ಸಂವಿಧಾನ ತಜ್ಞ ಎಡ್ವರ್ಡ್ ಕಾರ್ವಿನ್ ಅವರು, ರಾಷ್ಟ್ರದ ಆಸ್ತಿಯ ವಿಲೇವಾರಿ ಕಾಂಗ್ರೆಸ್ಸಿಗೆ ಸೇರಿದ್ದೆಂದು ವಾದಿಸಿ ಜಾಕ್ಸನ್ ಅವರ ಅಭಿಪ್ರಾಯವನ್ನು ವಿಮರ್ಶಿಸಿದರು. ಬೆಂಬಲಿಗರ ವಾದ ಬೇರೆ: ಬ್ರಿಟನ್ ಆಗ ದಾಳಿಯ ಭೀತಿಯಲ್ಲಿತ್ತು, ಸೆನೆಟ್ಟಿನಲ್ಲಿ ವಾರಗಟ್ಟಲೆ ಚರ್ಚೆ ನಡೆಸಲು ಕಾಲಾವಕಾಶವಿರಲಿಲ್ಲ, ಪಡೆದ ನೆಲೆಗಳು ಕೊಟ್ಟ ನೌಕೆಗಳಿಗಿಂತ ಬೆಲೆಬಾಳುವಂಥವು. ವಾಸ್ತವದಲ್ಲಿ ನೌಕೆಗಳು ಹಳೆಯವಾಗಿದ್ದು, ಹಲವು ದುರಸ್ತಿಯಾದ ಮೇಲೆಯೇ ಬಳಕೆಗೆ ಬಂದವು.

ನವೆಂಬರ್ 5ರಂದು ರೂಸ್‌ವೆಲ್ಟ್ ಮೂರನೆಯ ಬಾರಿಗೆ ಆಯ್ಕೆಯಾದರು. ಪ್ರಚಾರದ ಕೊನೆಯ ದಿನಗಳಲ್ಲಿ ಬಾಸ್ಟನ್ ನಗರದಲ್ಲಿ ಅವರು, ದೇಶದ ಯುವಕರನ್ನು ಪರದೇಶದ ಯುದ್ಧಗಳಿಗೆ ಕಳುಹಿಸುವುದಿಲ್ಲವೆಂದು ಭರವಸೆ ನೀಡಿದ್ದರು. ದಾಳಿ ನಡೆದ ಸಂದರ್ಭವನ್ನು ಹೊರತುಪಡಿಸುವ ಷರತ್ತನ್ನು ಆ ದಿನ ಅವರು ಸೇರಿಸಿರಲಿಲ್ಲ. ವಿರೋಧಿಗಳು ಇದನ್ನು ಮುಂದೆ ಮತ್ತೆ ಮತ್ತೆ ನೆನಪಿಸಿದರು.

ಲೆಂಡ್-ಲೀಸ್ ಕಾಯಿದೆ

1940ರ ಡಿಸೆಂಬರ್‌ನಲ್ಲಿ ಚರ್ಚಿಲ್ ಅವರು ದೀರ್ಘ ಪತ್ರ ಬರೆದು, ಬ್ರಿಟನ್ನಿನ ಡಾಲರ್ ಸಂಗ್ರಹ ಬರಿದಾಗುತ್ತಿದೆಯೆಂದು ತಿಳಿಸಿದರು. ನಗದು ಕೊಟ್ಟು ಕೊಳ್ಳುವ ವ್ಯವಸ್ಥೆ ಇನ್ನು ನಡೆಯುವಂತಿರಲಿಲ್ಲ; ಸಾಲ ಕೊಡಲು ಜಾನ್ಸನ್ ಕಾಯಿದೆ ಅಡ್ಡಿಯಾಗಿತ್ತು. ಆಗ ರೂಸ್‌ವೆಲ್ಟ್ ಅವರು ಹೊಸ ಉಪಾಯವನ್ನು ಮುಂದಿಟ್ಟರು: ಹಣದ ಬದಲು ವಸ್ತುಗಳನ್ನೇ ಎರವಲು ಕೊಡುವುದು, ಯುದ್ಧಾನಂತರ ವಸ್ತುರೂಪದಲ್ಲಿ ಅಥವಾ ಬೇರೆ ರೀತಿಯಲ್ಲಿ ಮರಳಿ ಪಡೆಯುವುದು. ನೆರೆಮನೆಗೆ ಬೆಂಕಿ ಬಿದ್ದಾಗ ತೋಟಕ್ಕೆ ನೀರುಣಿಸುವ ಕೊಳವೆಯನ್ನು ಕೊಡುವವನು ಮೊದಲು ಅದರ ಬೆಲೆ ಕೇಳುವುದಿಲ್ಲ ಎಂಬ ಹೋಲಿಕೆಯಿಂದ ಅವರು ಪತ್ರಕರ್ತರಿಗೆ ಇದನ್ನು ವಿವರಿಸಿದರು.

ಈ ಬಾರಿ ಅವರು ಕಾಂಗ್ರೆಸ್ಸನ್ನು ಬದಿಗಿರಿಸಲಿಲ್ಲ. 1941ರ ಜನವರಿ 10ರಂದು ಮಸೂದೆ ಮಂಡನೆಯಾಯಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವರ್ಷವನ್ನು ನೆನಪಿಸುವಂತೆ ಅದಕ್ಕೆ 1776 ಎಂಬ ಕ್ರಮಸಂಖ್ಯೆ ನೀಡಲಾಗಿತ್ತು. ಯಾವ ದೇಶದ ರಕ್ಷಣೆಯು ಅಮೆರಿಕದ ರಕ್ಷಣೆಗೆ ಅತ್ಯಗತ್ಯವೆಂದು ಅಧ್ಯಕ್ಷರು ಭಾವಿಸುವರೋ ಆ ದೇಶಕ್ಕೆ ಯುದ್ಧಸಾಮಗ್ರಿಯನ್ನು ಮಾರುವ, ವಿನಿಮಯ ಮಾಡುವ, ಗುತ್ತಿಗೆಗೆ ಅಥವಾ ಎರವಲಾಗಿ ಕೊಡುವ ಅಧಿಕಾರವನ್ನು ಮಸೂದೆ ಅವರಿಗೆ ನೀಡುತ್ತಿತ್ತು.

ಎರಡು ತಿಂಗಳ ಕಾಲ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಿರುಸಿನ ಚರ್ಚೆ ನಡೆಯಿತು. ಸೆನೆಟರ್ ಬರ್ಟನ್ ವೀಲರ್ ಅವರು ಈ ಮಸೂದೆ ದೇಶದ ಯುವಕರನ್ನು ಮಣ್ಣುಪಾಲು ಮಾಡುವುದೆಂದು ಉಗ್ರವಾಗಿ ಟೀಕಿಸಿದರು. ರೂಸ್‌ವೆಲ್ಟ್ ಅಷ್ಟೇ ಕಟುವಾಗಿ ಪ್ರತಿಕ್ರಿಯಿಸಿದರು. ಯುದ್ಧಸಾಮಗ್ರಿಯನ್ನು ಎರವಲು ಕೊಟ್ಟರೆ ಬಳಸಿದ ಮೇಲೆ ಮರಳಿ ಪಡೆಯುವಂಥದ್ದೇನೂ ಉಳಿಯದು, ಅದರ ಬದಲು ನಿರ್ದಿಷ್ಟ ಮೊತ್ತದ ಸಾಲ ಕೊಡಬಹುದು ಎಂದು ಸೆನೆಟರ್ ರಾಬರ್ಟ್ ಟ್ಯಾಫ್ಟ್ ವಾದಿಸಿದರು. ಇತಿಹಾಸಕಾರ ಚಾರ್ಲ್ಸ್ ಬಿಯರ್ಡ್ ಮತ್ತು ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಸಮಿತಿಗಳ ಮುಂದೆ ವಿರುದ್ಧವಾಗಿ ಸಾಕ್ಷ್ಯ ನುಡಿದರು. ಚುನಾವಣೆಯಲ್ಲಿ ಸೋತಿದ್ದ ವೆಂಡೆಲ್ ವಿಲ್ಕಿ ಅವರು ಬ್ರಿಟನ್ನಿಗೆ ಹೋಗಿಬಂದು ಮಸೂದೆಯ ಪರವಾಗಿ ಸಾಕ್ಷ್ಯ ನೀಡಿದರು. ಹಿಂದೆ ಅವರು ಆಕ್ಷೇಪಿಸಿದ್ದು ನೆರವನ್ನಲ್ಲ, ಕಾಂಗ್ರೆಸ್ಸನ್ನು ಬಿಟ್ಟು ನಡೆದ ವಿಧಾನವನ್ನು. ಈಗ ಅಧ್ಯಕ್ಷರು ಕಾಂಗ್ರೆಸ್ಸಿನ ಮುಂದೆಯೇ ಬಂದಿದ್ದರು.

ಚರ್ಚೆ ಮಸೂದೆಯನ್ನು ಬದಲಾಯಿಸಿತು. ಹಿಂದೆಯೇ ಮಂಜೂರಾದ ಹಣದಿಂದ ತಯಾರಾದ ಸಾಮಗ್ರಿಯಲ್ಲಿ 130 ಕೋಟಿ ಡಾಲರಿಗಿಂತ ಹೆಚ್ಚಿನದನ್ನು ಕೊಡಬಾರದು, ಕೊಡುವ ಮೊದಲು ಸೇನಾ ಮುಖ್ಯಸ್ಥರೊಡನೆ ಸಮಾಲೋಚಿಸಬೇಕು, 90 ದಿನಗಳಿಗೊಮ್ಮೆ ಕಾಂಗ್ರೆಸ್ಸಿಗೆ ವರದಿ ಸಲ್ಲಿಸಬೇಕು, ಅಧಿಕಾರದ ಅವಧಿಗೆ ಮಿತಿ ಇರಬೇಕು ಎಂಬ ನಿಬಂಧನೆಗಳು ಸೇರಿದವು. ನೌಕಾಪಡೆಯಿಂದ ಬೆಂಗಾವಲು ಒದಗಿಸಲು ಈ ಕಾಯಿದೆ ಅನುಮತಿ ನೀಡುವುದಿಲ್ಲವೆಂದೂ ಸ್ಪಷ್ಟಪಡಿಸಲಾಯಿತು. ಕಾಂಗ್ರೆಸ್ಸಿನ ಎರಡೂ ಸದನಗಳು ನಿರ್ಣಯ ಮಾಡಿದರೆ, ಅಧ್ಯಕ್ಷರ ಸಹಿಯಿಲ್ಲದೆಯೇ ಅಧಿಕಾರವನ್ನು ಅವಧಿಗೆ ಮೊದಲು ಹಿಂತೆಗೆದುಕೊಳ್ಳಬಹುದಾಗಿತ್ತು. ಪ್ರತಿನಿಧಿ ಸಭೆಯಲ್ಲಿ 260–165 ಹಾಗೂ ಸೆನೆಟ್ಟಿನಲ್ಲಿ 60–31 ಮತಗಳಿಂದ ಮಸೂದೆ ಅಂಗೀಕಾರವಾಯಿತು. ಮಾರ್ಚ್ 11ರಂದು ರೂಸ್‌ವೆಲ್ಟ್ ಸಹಿ ಹಾಕಿದರು. ಅದೇ ತಿಂಗಳು ಕಾಂಗ್ರೆಸ್ 700 ಕೋಟಿ ಡಾಲರುಗಳನ್ನು ಮಂಜೂರು ಮಾಡಿತು.

ಸದನಗಳ ನಿರ್ಣಯದಿಂದಲೇ ಅಧಿಕಾರ ರದ್ದಾಗುವ ವಿಧಿ ಸಂವಿಧಾನಬಾಹಿರವೆಂದು ರೂಸ್‌ವೆಲ್ಟ್ ಭಾವಿಸಿದ್ದರು. ಆದರೆ ಅದನ್ನು ಬಹಿರಂಗವಾಗಿ ಹೇಳಿದರೆ ಮಸೂದೆಗೆ ಧಕ್ಕೆಯಾಗುತ್ತಿತ್ತು. ಆದ್ದರಿಂದ ಕಾಯಿದೆ ಜಾರಿಗೆ ಬಂದ ನಂತರ, 1941ರ ಏಪ್ರಿಲ್‌ನಲ್ಲಿ, ತಮ್ಮ ಆಕ್ಷೇಪವನ್ನು ಬರೆದು ಜಾಕ್ಸನ್ ಅವರಿಗೆ ಒಪ್ಪಿಸಿದರು. ಜಾಕ್ಸನ್ ಅದನ್ನು ಪ್ರಕಟಿಸಿದ್ದು 1953ರಲ್ಲಿ. ತಮಗೆ ವಿಧಿಸಿದ ಕಡಿವಾಣವನ್ನು ಒಪ್ಪಿದಂತೆ ಕಂಡು ನೆರವಿನ ಅಧಿಕಾರವನ್ನು ಪಡೆದುಕೊಂಡದ್ದು ಸರಿಯೇ ಎಂಬ ಪ್ರಶ್ನೆಯನ್ನು ಇದು ಎತ್ತಿತು.

ಅಟ್ಲಾಂಟಿಕ್‌ನಲ್ಲಿ ಅಘೋಷಿತ ಯುದ್ಧ

ಕೊಟ್ಟ ಸಾಮಗ್ರಿ ಸಮುದ್ರದ ತಳ ಸೇರಿದರೆ ಕಾಯಿದೆಯಿಂದ ಪ್ರಯೋಜನವಿರಲಿಲ್ಲ. 1941ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ನೌಕಾಪಡೆಯ ಗಸ್ತನ್ನು ಅಟ್ಲಾಂಟಿಕ್ ಸಾಗರದ ಮಧ್ಯದವರೆಗೆ ವಿಸ್ತರಿಸಿದರು. ಜುಲೈಯಲ್ಲಿ ಐಸ್‌ಲ್ಯಾಂಡಿಗೆ ಅಮೆರಿಕದ ಪಡೆಗಳು ಹೋದವು. ಇದೆಲ್ಲ ಮಹಾದಂಡನಾಯಕನ ಅಧಿಕಾರದಡಿ ನಡೆಯಿತು.

ಸೆಪ್ಟೆಂಬರ್ 4ರಂದು ಗ್ರೀರ್ ಎಂಬ ಅಮೆರಿಕದ ಡೆಸ್ಟ್ರಾಯರ್ ಮೇಲೆ ಜರ್ಮನಿಯ ಜಲಾಂತರ್ಗಾಮಿಯೊಂದು ಟಾರ್ಪೆಡೊ ಹಾರಿಸಿತು. ವಾರದ ನಂತರ ರೂಸ್‌ವೆಲ್ಟ್ ರೇಡಿಯೊ ಭಾಷಣದಲ್ಲಿ ಇದನ್ನು ಕಾರಣವಿಲ್ಲದ ಆಕ್ರಮಣವೆಂದು ಬಣ್ಣಿಸಿ, ರಕ್ಷಣೆಯ ದೃಷ್ಟಿಯಿಂದ ಅಗತ್ಯವೆನಿಸಿದ ಸಮುದ್ರಭಾಗಗಳಲ್ಲಿ ಜರ್ಮನಿಯ ಮತ್ತು ಇಟಲಿಯ ಯುದ್ಧನೌಕೆಗಳು ಅಪಾಯಕ್ಕೆ ಸಿದ್ಧವಾಗಿರಬೇಕೆಂದು ಘೋಷಿಸಿದರು. ಗ್ರೀರ್ ನೌಕೆಯು ಆ ಜಲಾಂತರ್ಗಾಮಿಯನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಅದರ ಸ್ಥಾನವನ್ನು ಬ್ರಿಟಿಷ್ ವಿಮಾನಕ್ಕೆ ತಿಳಿಸುತ್ತಿತ್ತು. ವಿಮಾನವು ಅದರ ಮೇಲೆ ಸಿಡಿತಲೆಗಳನ್ನೂ ಹಾಕಿತ್ತು. ಈ ವಿವರಗಳನ್ನು ಅಧ್ಯಕ್ಷರು ಜನರ ಮುಂದಿಡಲಿಲ್ಲ. ಸೆನೆಟ್ ಸಮಿತಿಯ ಪ್ರಶ್ನೆಗಳಿಗೆ ಅಡ್ಮಿರಲ್ ಸ್ಟಾರ್ಕ್ ಕೊಟ್ಟ ಉತ್ತರಗಳಿಂದ ಅವು ನಂತರ ಹೊರಬಂದವು. ಅಕ್ಟೋಬರ್‌ನಲ್ಲಿ ಕಿಯರ್ನಿ ಎಂಬ ನೌಕೆಯ ಮೇಲಿನ ದಾಳಿಯಲ್ಲಿ 11 ನಾವಿಕರು ಮಡಿದರು. ಅಕ್ಟೋಬರ್ 31ರಂದು ರೂಬೆನ್ ಜೇಮ್ಸ್ ನೌಕೆ ಮುಳುಗಿ ಸುಮಾರು ನೂರು ಮಂದಿ ಪ್ರಾಣ ಕಳೆದುಕೊಂಡರು. ದೇಶ ಇನ್ನೂ ಯುದ್ಧ ಘೋಷಿಸಿರಲಿಲ್ಲ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮರುದಿನ ಕಾಂಗ್ರೆಸ್ ಯುದ್ಧ ಘೋಷಿಸಿತು. ವಿರುದ್ಧವಾಗಿ ಮತ ನೀಡಿದವರು ಜೆನೆಟ್ ರ‍್ಯಾಂಕಿನ್ ಒಬ್ಬರೇ. ಡಿಸೆಂಬರ್ 11ರಂದು ಜರ್ಮನಿಯು ಅಮೆರಿಕದ ಮೇಲೆ ಯುದ್ಧ ಸಾರಿತು.

ಯುದ್ಧಕಾಲ ಮತ್ತು ಭಾರತ

ಲೆಂಡ್-ಲೀಸ್ ನೆರವು ಒಟ್ಟು ಸುಮಾರು 5,000 ಕೋಟಿ ಡಾಲರುಗಳಷ್ಟಾಯಿತು. ಅದರಲ್ಲಿ ಸುಮಾರು 3,100 ಕೋಟಿ ಡಾಲರಿನ ನೆರವು ಬ್ರಿಟನ್ ಹಾಗೂ ಅದರ ಸಾಮ್ರಾಜ್ಯದ ದೇಶಗಳಿಗೂ, ಸುಮಾರು 1,100 ಕೋಟಿ ಡಾಲರಿನದು ಸೋವಿಯತ್ ಒಕ್ಕೂಟಕ್ಕೂ ಸಂದಿತು. ಚೀನಾ ಮತ್ತು ಫ್ರಾನ್ಸ್ ಸಹ ಫಲಾನುಭವಿಗಳಾಗಿದ್ದವು.

1941ರ ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಪ್ರಕಟಿಸಿದ ಅಟ್ಲಾಂಟಿಕ್ ಸನ್ನದು, ಜನರು ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತ್ತು. ಇದು ಭಾರತಕ್ಕೆ ಅನ್ವಯಿಸುವುದಿಲ್ಲವೆಂದು ಚರ್ಚಿಲ್ ಸಂಸತ್ತಿನಲ್ಲಿ ಸೂಚಿಸಿದರು. 1942ರಲ್ಲಿ ರೂಸ್‌ವೆಲ್ಟ್ ತಮ್ಮ ಪ್ರತಿನಿಧಿಯಾಗಿ ಲೂಯಿಸ್ ಜಾನ್ಸನ್ ಅವರನ್ನು ದೆಹಲಿಗೆ ಕಳುಹಿಸಿದರು ಮತ್ತು ಭಾರತಕ್ಕೆ ಸ್ವಯಮಾಡಳಿತ ನೀಡುವಂತೆ ಚರ್ಚಿಲ್ ಅವರನ್ನು ಖಾಸಗಿಯಾಗಿ ಒತ್ತಾಯಿಸಿದರು. ಅದೇ ವರ್ಷದ ಜುಲೈಯಲ್ಲಿ ಗಾಂಧೀಜಿಯವರು ರೂಸ್‌ವೆಲ್ಟ್ ಅವರಿಗೆ ಪತ್ರ ಬರೆದರು. ಆದರೆ ಚರ್ಚಿಲ್ ಮಣಿಯಲಿಲ್ಲ. ಯುದ್ಧದ ಮೈತ್ರಿಗೆ ಭಂಗ ತರಲು ರೂಸ್‌ವೆಲ್ಟ್ ಸಿದ್ಧರಿರಲಿಲ್ಲ. ಬ್ರಿಟನ್ನಿಗೆ ಅಪಾರ ನೆರವು ನೀಡಿಯೂ ಆ ಬಲವನ್ನು ಭಾರತದ ಪರವಾಗಿ ಬಳಸಲಿಲ್ಲವೆಂಬುದು ಭಾರತೀಯ ವಿಮರ್ಶಕರ ಆಕ್ಷೇಪ.

ಯುದ್ಧದ ನೆರಳು ಬೆಂಗಳೂರಿನ ಮೇಲೂ ಬಿದ್ದಿತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, ಭಾರತ, ಬರ್ಮಾ ಮತ್ತು ಚೀನಾ ರಣರಂಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಇದೇ ಸಂಸ್ಥೆ ಇಂದಿನ ಎಚ್‌ಎಎಲ್.

ಯುದ್ಧಕಾಲದ ಅಧ್ಯಕ್ಷೀಯ ಅಧಿಕಾರದ ಅತ್ಯಂತ ಕರಾಳ ನಿದರ್ಶನವೆಂದರೆ 1942ರ ಫೆಬ್ರವರಿ 19ರ 9066ನೆಯ ಆದೇಶ. ಅದರ ಫಲವಾಗಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರು.

ಕೊನೆಯ ದಿನಗಳು

ಟೆಹರಾನ್ (1943) ಮತ್ತು ಯಾಲ್ಟಾ (1945) ಸಮ್ಮೇಳನಗಳಲ್ಲಿ ರೂಸ್‌ವೆಲ್ಟ್ ಅವರು ಚರ್ಚಿಲ್ ಮತ್ತು ಸ್ಟಾಲಿನ್ ಅವರೊಡನೆ ಯುದ್ಧಾನಂತರದ ವ್ಯವಸ್ಥೆಯನ್ನು ಚರ್ಚಿಸಿದರು. 1944ರಲ್ಲಿ ನಾಲ್ಕನೆಯ ಬಾರಿಗೆ ಆಯ್ಕೆಯಾಗುವ ವೇಳೆಗೆ ಅವರ ಆರೋಗ್ಯ ತೀವ್ರವಾಗಿ ಹದಗೆಟ್ಟಿತ್ತು.

1945ರ ಏಪ್ರಿಲ್ 10ರಂದು, ಲೆಂಡ್-ಲೀಸ್ ಸಾಮಗ್ರಿಯನ್ನು ಯುದ್ಧಾನಂತರದ ಪುನರ್ನಿರ್ಮಾಣಕ್ಕೆ ಬಳಸುವುದನ್ನು ತಡೆಯಲು ಟ್ಯಾಫ್ಟ್ ತಂದ ತಿದ್ದುಪಡಿಗೆ ಸೆನೆಟ್ಟಿನಲ್ಲಿ 39–39 ಸಮಮತ ಬಂದಿತು. ಉಪಾಧ್ಯಕ್ಷ ಹ್ಯಾರಿ ಟ್ರೂಮನ್ ವಿರುದ್ಧವಾಗಿ ಮತ ನೀಡಿದರು. ಎರಡು ದಿನಗಳ ನಂತರ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಮೆದುಳಿನ ರಕ್ತಸ್ರಾವದಿಂದ ರೂಸ್‌ವೆಲ್ಟ್ ನಿಧನರಾದರು. ಅವರಿಗೆ 63 ವರ್ಷ ವಯಸ್ಸಾಗಿತ್ತು. ಹೈಡ್ ಪಾರ್ಕ್‌ನ ಮನೆಯ ಉದ್ಯಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಜಪಾನ್ ಶರಣಾದ ಕೂಡಲೇ ಟ್ರೂಮನ್ ಅವರು ಲೆಂಡ್-ಲೀಸ್ ನೆರವನ್ನು ನಿಲ್ಲಿಸಿದರು. ಬ್ರಿಟನ್ ಬೇರೆ ಸಾಲವನ್ನು ಪಡೆಯಬೇಕಾಯಿತು. ಅದರ ಕೊನೆಯ ಕಂತು ಸಂದಾಯವಾದದ್ದು 2006ರ ಡಿಸೆಂಬರ್‌ನಲ್ಲಿ.

ಮೌಲ್ಯಮಾಪನ

ಮಿತ್ರದೇಶಕ್ಕೆ ನೆರವು ನೀಡುವಲ್ಲಿ ರೂಸ್‌ವೆಲ್ಟ್ ಅವರು ಮೂರು ಬಗೆಯ ನಡವಳಿಕೆಗಳನ್ನು ಬಿಟ್ಟುಹೋದರು. ಡೆಸ್ಟ್ರಾಯರುಗಳ ವಿಷಯದಲ್ಲಿ ತಾವೇ ನಿರ್ಧರಿಸಿ ಆಮೇಲೆ ತಿಳಿಸಿದರು. ಲೆಂಡ್-ಲೀಸ್ ವಿಷಯದಲ್ಲಿ ಜನಪ್ರತಿನಿಧಿಗಳ ಮುಂದೆ ಹೋಗಿ ಅಧಿಕಾರವನ್ನು ಕೇಳಿ ಪಡೆದರು. ಗ್ರೀರ್ ಪ್ರಸಂಗದಲ್ಲಿ ಪೂರ್ಣ ಸತ್ಯವನ್ನು ಜನರಿಗೆ ಹೇಳಲಿಲ್ಲ. ನಾಜಿ ಜರ್ಮನಿಯ ಸೋಲಿಗೆ ಈ ನೆರವು ಸಹಕಾರಿಯಾಯಿತೆಂಬುದನ್ನು ಟೀಕಾಕಾರರಲ್ಲಿಯೂ ಬಹುಮಂದಿ ಒಪ್ಪುತ್ತಾರೆ. ಭಿನ್ನಾಭಿಪ್ರಾಯವಿರುವುದು ಒಳ್ಳೆಯ ಗುರಿಗಾಗಿ ಹಿಡಿದ ಅಡ್ಡದಾರಿ ಮುಂದಿನವರಿಗೂ ತೆರೆದೇ ಇರುತ್ತದಲ್ಲವೇ ಎಂಬ ವಿಷಯದಲ್ಲಿ. ಎರಡು ತಿಂಗಳ ಚರ್ಚೆಯ ನಂತರ ಬಂದ ಲೆಂಡ್-ಲೀಸ್, ತರಾತುರಿಯಲ್ಲಿ ನಡೆದ ನೌಕೆಗಳ ವಿನಿಮಯಕ್ಕಿಂತ ಎಷ್ಟೋ ಪಾಲು ದೊಡ್ಡ ನೆರವಾಯಿತು. ಕಾಂಗ್ರೆಸ್ಸಿನ ಒಪ್ಪಿಗೆ ಕೇಳುವುದರಿಂದ ಅಧ್ಯಕ್ಷರ ಕೈ ಬಲಗುಂದುವುದಿಲ್ಲ ಎಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

1940ರಲ್ಲಿ ಅಧ್ಯಕ್ಷರ ಪರವಾಗಿ ಅಭಿಪ್ರಾಯ ಬರೆದ ರಾಬರ್ಟ್ ಜಾಕ್ಸನ್ ಅವರೇ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. 1952ರಲ್ಲಿ, ಕೊರಿಯಾ ಯುದ್ಧದ ಸಂದರ್ಭದಲ್ಲಿ ಟ್ರೂಮನ್ ಅವರು ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡದ್ದನ್ನು ನ್ಯಾಯಾಲಯ ರದ್ದುಮಾಡಿದಾಗ, ಜಾಕ್ಸನ್ ಪ್ರತ್ಯೇಕ ಅಭಿಪ್ರಾಯ ಬರೆದರು. ಕಾಂಗ್ರೆಸ್ಸಿನ ಸಮ್ಮತಿಯೊಡನೆ ನಡೆದಾಗ ಅಧ್ಯಕ್ಷರ ಅಧಿಕಾರ ಅತ್ಯಧಿಕ, ಅದರ ಇಚ್ಛೆಗೆ ವಿರುದ್ಧವಾಗಿ ನಡೆದಾಗ ಅತ್ಯಲ್ಪ ಎಂಬುದು ಅದರ ಸಾರ. ಈ ವಿಷಯದಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಗೋಲು ಅದು.

ಅಧ್ಯಕ್ಷರ ಅವಧಿಯನ್ನು ಎರಡು ಆಯ್ಕೆಗಳಿಗೆ ಸೀಮಿತಗೊಳಿಸಿದ 22ನೆಯ ತಿದ್ದುಪಡಿ 1951ರಲ್ಲಿ ಜಾರಿಗೆ ಬಂತು. ಸೈನ್ಯವನ್ನು ಕಾಳಗಕ್ಕೆ ಕಳುಹಿಸುವ ಅಧಿಕಾರವನ್ನು 1973ರ ಯುದ್ಧಾಧಿಕಾರ ನಿರ್ಣಯವೂ, ದೊಡ್ಡ ಪ್ರಮಾಣದ ಶಸ್ತ್ರ ಮಾರಾಟಗಳನ್ನು ಕಾಂಗ್ರೆಸ್ಸಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವನ್ನು 1976ರ ಶಸ್ತ್ರ ರಫ್ತು ನಿಯಂತ್ರಣ ಕಾಯಿದೆಯೂ ನಿರೂಪಿಸಿದವು. ಅಧ್ಯಕ್ಷರ ಸಹಿಯಿಲ್ಲದೆ ಸದನದ ನಿರ್ಣಯ ಮಾತ್ರದಿಂದ ಕಾರ್ಯಾಂಗದ ತೀರ್ಮಾನವನ್ನು ರದ್ದುಪಡಿಸುವ ಪದ್ಧತಿ ಅಸಿಂಧುವೆಂದು 1983ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. ರೂಸ್‌ವೆಲ್ಟ್ ಅವರು ನಾಲ್ಕು ದಶಕಗಳ ಹಿಂದೆ ಜಾಕ್ಸನ್ ಅವರಿಗೆ ಬರೆದುಕೊಟ್ಟಿದ್ದ ಆಕ್ಷೇಪಕ್ಕೆ ಹೀಗೆ ನ್ಯಾಯಾಲಯದ ಬೆಂಬಲ ದೊರೆತಂತಾಯಿತು. ಇದರಿಂದ, ಒಮ್ಮೆ ಕೊಟ್ಟ ಅಧಿಕಾರವನ್ನು ಅಧ್ಯಕ್ಷರ ಇಚ್ಛೆಗೆ ವಿರುದ್ಧವಾಗಿ ಹಿಂಪಡೆಯುವುದು ಕಾಂಗ್ರೆಸ್ಸಿಗೆ ಇನ್ನಷ್ಟು ಕಷ್ಟವಾಯಿತು.